9 ಮಿಲಿಮೀಟರ್ ಇಳಿದ ತಟ್ಟೆ

ಚಿಕ್ಕಮಗಳೂರಿನ ಆಲ್ದೂರು ರಸ್ತೆಯಲ್ಲಿರುವ ನಮ್ಮ ಸೈಟು ಇಳಿಜಾರಿನದು. ಹಿಂದಿನ ಮಾಲೀಕರು ಮೇಲಿನ ಅರ್ಧ ಕಡಿದು, ಅದೇ ಮಣ್ಣನ್ನು ಕೆಳಗಿನ ಅರ್ಧಕ್ಕೆ ತುಂಬಿ ಮಟ್ಟ ಮಾಡಿಸಿದ್ದರು. ಮೇಸ್ತ್ರಿ ಎರಡೂ ಕಡೆ ಹಾರೆ ಕುಕ್ಕಿ ನೋಡಿದ. "ನಾಲ್ಕು ಮಳೆಗಾಲ ಕುಡಿದ ಮಣ್ಣು ಸಾರ್, ಕೂತಿರುತ್ತೆ. ಪಾಯ ತೆಗೀಲಾ?"

ಎಂಜಿನಿಯರ್ ಹುಡುಗಿ ಬೇಡವೆಂದಳು. ನೆಲದ ಮೇಲೆ ತಟ್ಟೆ ಒತ್ತಿ ಎಷ್ಟು ಇಳಿಯುತ್ತದೆಂದು ಅಳೆಯುವ ಪ್ಲೇಟ್ ಲೋಡ್ ಟೆಸ್ಟ್ ಆಗಲೇಬೇಕಂತೆ. ಖರ್ಚು ಕೇಳಿ ನಾನೂ ಮೇಸ್ತ್ರಿ ಕಡೆಗೇ ವಾಲಿದ್ದೆ.

ಪಾಯದ ಮಟ್ಟಕ್ಕೆ ಗುಂಡಿ ತೋಡಿ, 30 ಸೆಂಟಿಮೀಟರ್ ಚೌಕದ ದಪ್ಪ ಉಕ್ಕಿನ ತಟ್ಟೆ ಕೂರಿಸಿದರು. ಮೇಲೆ ಜಲ್ಲಿ ತುಂಬಿದ ಲಾರಿ, ನಡುವೆ ಜಾಕ್. ಒಂದಿಷ್ಟು ಒತ್ತುವುದು, ತಟ್ಟೆ ಇಳಿದದ್ದನ್ನು ತೋರಿಸುವ ಡಯಲ್ ಗೇಜಿನ ಮುಳ್ಳು ನಿಲ್ಲುವವರೆಗೆ ಕಾಯುವುದು, ಮತ್ತೆ ಒತ್ತುವುದು. ಗೇಜಿನ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಚದರ ಮೀಟರಿಗೆ 20 ಟನ್ ಒತ್ತಡಕ್ಕೆ ಕಡಿದ ಕಡೆ ತಟ್ಟೆ ಒಂದೂವರೆ ಮಿಲಿಮೀಟರ್ ಇಳಿಯಿತು. ತುಂಬಿದ ಕಡೆ 9.

"ಎರಡೂ ಭಾರ ತಡ್ಕೊಂಡ್ವಲ್ಲ ಮೇಡಂ" ಅಂದ ಮೇಸ್ತ್ರಿ.

"ತಡ್ಕೊಳ್ಳೋದು ಬೇರೆ, ಕುಗ್ಗೋದು ಬೇರೆ. ಒತ್ತಡವನ್ನ ಇಳಿದಿದ್ದರಿಂದ ಭಾಗಿಸಿ ನೋಡಿ. ಕಡಿದ ಕಡೆ ಸ್ಟಿಫ್‌ನೆಸ್, ಅಂದ್ರೆ ಕುಗ್ಗದೆ ನಿಲ್ಲೋ ಗುಣ, ತುಂಬಿದ ಕಡೆಗಿಂತ ಆರು ಪಟ್ಟು. ಒಂದು ಕಾಲಂ ನಿಂತಲ್ಲೇ ನಿಂತು, ಪಕ್ಕದ್ದು ಇಳಿದ್ರೆ ನಡುವಿನ ಗೋಡೆ ಏನ್ ಮಾಡ್ಬೇಕು?"

"ಅಂದ್ರೆ ಆ ಕಡೆ ಗಟ್ಟಿ ಇರೋದೇ ತಪ್ಪಾ?"

ಹುಡುಗಿ ನಕ್ಕಳು. ಅರ್ಧ ನಿಜವಂತೆ. ಮನೆ ಪೂರ್ತಿ ಒಂದೇ ಸಮ ಕುಗ್ಗಿದರೆ ಗೋಡೆಗೆ ಅದು ಗೊತ್ತೇ ಆಗುವುದಿಲ್ಲ. ಕೇಳಿದಾಗ ನನಗೆ ನೆನಪಾದದ್ದು ಅತ್ತೆ ಮನೆಯ ಹಿಂದಿನ ಕೋಣೆ. ಕಿಟಕಿ ಮೂಲೆಯಿಂದ ಓರೆಯಾಗಿ ಏರಿದ ಆ ಬಿರುಕಿಗೆ ಸಿಮೆಂಟು ಮೆತ್ತುತ್ತಲೇ ಇದ್ದಾರೆ, ಅದು ಬಾಯಿ ಬಿಡುತ್ತಲೇ ಇದೆ.

ಆದರೆ ಈ ಟೆಸ್ಟೂ ಪೂರ್ತಿ ಕಥೆ ಹೇಳುವುದಿಲ್ಲ. ತಟ್ಟೆಯ ಒತ್ತಡ ಮುಟ್ಟುವುದು ಹೆಚ್ಚುಕಮ್ಮಿ ಅದರ ಅಗಲದ ಎರಡರಷ್ಟು ಆಳ, ಅಂದರೆ 60 ಸೆಂಟಿಮೀಟರ್. ನಮ್ಮ ಕಾಲಂ ಅಡಿಯ ಫುಟಿಂಗ್ ಐದಡಿ ಅಗಲ, ಅದು ಹತ್ತಡಿ ಕೆಳಗಿನವರೆಗೂ ಮಾತಾಡಿಸುತ್ತದೆ. ಹಾಗಾಗಿ ಜೆಸಿಬಿ ಕರೆಸಿದೆವು.

ಏಳಡಿಗೆ ಬಕೆಟ್ಟಿನಲ್ಲಿ ಕಪ್ಪು ಮಣ್ಣು ಬಂತು, ಕೊಳೆತ ಎಲೆಯ ವಾಸನೆಯ ಜೊತೆ. ಹಿಂದೆಯೇ ಬೇರು ಸಮೇತ ಒಂದು ಕಾಫಿ ಬೊಡ್ಡೆ. ತೋಟದ ಮೇಲ್ಮಣ್ಣನ್ನು ಕೆರೆದು ತೆಗೆಯದೆ ಹಾಗೇ ಮುಚ್ಚಿದ್ದರು. ಮೇಸ್ತ್ರಿ ಆ ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡಿ, ಕೈ ಒರೆಸಿಕೊಂಡು, ಹಗ್ಗ ಕಟ್ಟಿದ್ದ ಗೂಟಗಳನ್ನು ಒಂದೊಂದಾಗಿ ಕೀಳತೊಡಗಿದ.

"ಕೆಳಗಿನ ಆರೂ ಕಾಲಂ ಹಳೇ ನೆಲಕ್ಕೇ ಇಳಿಸೋಣ ಸಾರ್. ಕಂಬಿ ಇನ್ನಷ್ಟು ಬೇಕು."