ಅಳತೆ ಬಾರದಿದ್ದಾಗ ಕಾಲಮ್ ನಡೆಸುವುದು

ಸಿಂಧನೂರು, ರಾಯಚೂರು ಜಿಲ್ಲೆ
11 ಮೇ 2025, ಭಾನುವಾರ

ನುಚ್ಚಕ್ಕಿಯಿಂದ ಎಥೆನಾಲ್ ತಯಾರಿಸುವ ನಮ್ಮ ಘಟಕದ ರೆಕ್ಟಿಫೈಯರ್ ಕಾಲಮ್‌ನಲ್ಲಿ (ಕುದಿಸಿ ಎಥೆನಾಲನ್ನು ನೀರಿನಿಂದ ಬೇರ್ಪಡಿಸುವ ಎತ್ತರದ ಗೋಪುರ) ತಾಪಮಾನ ಅಳೆದು ತಂತಿಯಿಲ್ಲದೆ ಕಳುಹಿಸುವ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಒಂದನ್ನು ಇಂದು ಬೇಕೆಂದೇ ನಿಲ್ಲಿಸಿ, ಅಳತೆ ಬಾರದಿದ್ದಾಗ ಮುನ್ಸೂಚಕ ನಿಯಂತ್ರಣ (ಮುಂದೇನಾಗಬಹುದೆಂದು ಲೆಕ್ಕ ಹಾಕಿ ವಾಲ್ವ್‌ಗಳನ್ನು ನಡೆಸುವ ವ್ಯವಸ್ಥೆ) ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿದೆವು.

ಆ ಟ್ರಾನ್ಸ್‌ಮಿಟರ್ ಇರುವುದು ಕಾಲಮ್‌ನ ತುದಿಯಲ್ಲಲ್ಲ, ನಡುವಿನ ಒಂದು ಟ್ರೇಯಲ್ಲಿ, ಅಂದರೆ ಆವಿಯೂ ದ್ರವವೂ ಸಂಧಿಸುವ ಒಳಗಿನ ಒಂದು ತಟ್ಟೆಯಲ್ಲಿ. ಸಾಮಾನ್ಯ ವಾಯುಒತ್ತಡದಲ್ಲಿ ಶುದ್ಧ ಎಥೆನಾಲ್ ಸುಮಾರು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ತೂಕದಲ್ಲಿ ಶೇ. 95.6ರಷ್ಟು ಎಥೆನಾಲ್ ಇರುವ ನೀರಿನ ಮಿಶ್ರಣ 78.2 ಡಿಗ್ರಿಯಲ್ಲೇ ಕುದಿಯುತ್ತದೆ. ಹೀಗಾಗಿ ತುದಿಯಲ್ಲಿ ಶುದ್ಧತೆ ತುಸು ಕುಸಿದರೂ ಅಲ್ಲಿನ ತಾಪಮಾನ ಅದನ್ನು ಹೇಳುವುದೇ ಇಲ್ಲ. ನಡುವಿನ ಟ್ರೇಯಲ್ಲಾದರೆ ಅದೇ ಏರುಪೇರು ಹಲವು ಡಿಗ್ರಿಗಳಾಗಿ ಕಾಣುತ್ತದೆ. ಸುಡುವ ಆವಿ ಇರುವ ಜಾಗದಲ್ಲಿ ಅಷ್ಟೆತ್ತರಕ್ಕೆ ಕೇಬಲ್ ಎಳೆಯುವ ಖರ್ಚು ಮತ್ತು ತಾಪತ್ರಯ ತಪ್ಪಲೆಂದೇ ವೈರ್‌ಲೆಸ್ ಹಾಕಿದ್ದು.

ಇದಕ್ಕೆ ಬಳಸಿದ ವೈರ್‌ಲೆಸ್‌ಹಾರ್ಟ್ ಎಂಬ ಕೈಗಾರಿಕಾ ಸಂವಹನ ಪದ್ಧತಿ 2007ರಲ್ಲಿ ಬಂದು, 2010ರಲ್ಲಿ ಐಇಸಿ 62591 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. 2.4 ಗಿಗಾಹರ್ಟ್ಸ್‌ನಲ್ಲಿ, 10 ಮಿಲಿಸೆಕೆಂಡಿನ ಕಾಲಖಂಡಗಳಲ್ಲಿ, ಚಾನೆಲ್ ಬದಲಿಸುತ್ತಾ ಒಂದು ಉಪಕರಣ ಇನ್ನೊಂದರ ಮೂಲಕ ಗೇಟ್‌ವೇಗೆ (ನಿಯಂತ್ರಣ ವ್ಯವಸ್ಥೆಗೆ ಕೊಂಡಿಯಾದ ಉಪಕರಣಕ್ಕೆ) ಸಂದೇಶ ತಲುಪಿಸುತ್ತದೆ. ಆದರೆ ಬ್ಯಾಟರಿ ಬಾಳಿಕೆ ಬರಬೇಕಾದರೆ ಅಳತೆಯನ್ನು ಕ್ಷಣಕ್ಷಣಕ್ಕೂ ಕಳುಹಿಸುವಂತಿಲ್ಲ. ನಾವು 16 ಸೆಕೆಂಡಿಗೊಮ್ಮೆ ಕಳುಹಿಸುತ್ತೇವೆ. ಇದು ಸಾಲದು ಎನ್ನುವವರಿಗೆ ನಾನು ತೋರಿಸುವುದು 1973ರಲ್ಲಿ ವುಡ್ ಮತ್ತು ಬೆರಿ ಪ್ರಕಟಿಸಿದ ಮೆಥೆನಾಲ್–ನೀರಿನ ಕಾಲಮ್‌ನ ಮಾದರಿಯನ್ನು. ಅದರಲ್ಲಿ ರಿಫ್ಲಕ್ಸ್ (ತುದಿಯ ಆವಿಯನ್ನು ದ್ರವವಾಗಿಸಿ ಮತ್ತೆ ಕಾಲಮ್‌ಗೆ ಬಿಡುವ ಹರಿವು) ಬದಲಿಸಿದರೆ ತುದಿಯಲ್ಲಿ 1 ನಿಮಿಷದ ಮೇಲೆ, ತಳದಲ್ಲಿ 7 ನಿಮಿಷಗಳ ಮೇಲೆ ಪರಿಣಾಮ ಶುರುವಾಗುತ್ತದೆ. ಕಾಲಮ್ ಕಾಯಿಸುವ ಹಬೆ ಬದಲಿಸಿದರೆ ಎರಡೂ ಕಡೆ 3 ನಿಮಿಷ ಕಾಯಬೇಕು. ಇಷ್ಟು ನಿಧಾನವಾದ ಪ್ರಕ್ರಿಯೆಗೆ 16 ಸೆಕೆಂಡು ದೊಡ್ಡ ಅಂತರವೇನಲ್ಲ.

ನನ್ನ ಚಿಂತೆ ಇದ್ದದ್ದು ಸಂದೇಶ ಪೂರ್ತಿ ನಿಂತುಹೋಗುವ ಹೊತ್ತಿನ ಬಗ್ಗೆ. ಸಾಮಾನ್ಯ ಪಿಐಡಿ ಲೂಪ್ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ, ಅಂದರೆ ದೋಷ ನೋಡಿ ವಾಲ್ವ್ ತಿದ್ದುವ ನಿಯಂತ್ರಣ) ಹಳೆಯ ಅಳತೆಯನ್ನೇ ಹೊಸದೆಂದು ಭಾವಿಸಿ ಅದೇ ದೋಷವನ್ನು ಕೂಡಿಸುತ್ತಾ ಹೋಗುತ್ತದೆ, ಹಬೆಯ ವಾಲ್ವ್ ಒಂದೇ ದಿಕ್ಕಿಗೆ ಸರಿಯುತ್ತದೆ, ಕೊನೆಗೆ ನಿಜವಾದ ಅಳತೆ ಬಂದಾಗ ಇಡೀ ಕಾಲಮ್ ಕದಡುತ್ತದೆ. ಮುನ್ಸೂಚಕ ನಿಯಂತ್ರಣದೊಳಗೆ ಕಾಲಮ್‌ನದೇ ಗಣಿತ ಮಾದರಿ ಇರುವುದರಿಂದ, ಹೊಸ ಅಳತೆ ಬಂದಾಗ ಮಾತ್ರ ತನ್ನ ಊಹೆಯನ್ನು ಅದು ತಿದ್ದಿಕೊಂಡು, ಬಾರದಿದ್ದಾಗ ತಿದ್ದದೆಯೇ ಮುಂದಿನ ಲೆಕ್ಕ ಹಾಕುವಂತೆ ಅದನ್ನು ಹೊಂದಿಸಬಹುದು.

ಬೆಳಿಗ್ಗೆ ಟ್ರಾನ್ಸ್‌ಮಿಟರ್ ನಿಲ್ಲಿಸಿದ ಕೂಡಲೇ ಪರದೆಯ ಮೇಲೆ ಆ ಅಂಕಿ ಬಣ್ಣ ಬದಲಿಸಿತು. “ಸರ್, ರೀಡಿಂಗ್ ನಿಂತದ, ಮ್ಯಾನ್ಯುವಲ್‌ಗೆ ಹಾಕ್ಲೇನ್ರಿ?” ಎಂದು ಆಪರೇಟರ್ ಕೇಳಿದರು. ಅವರ ಕಾಳಜಿ ಸಹಜವಾದದ್ದೇ. ಸ್ವಲ್ಪ ತಡೆಯಲು ಹೇಳಿ, ಫೀಡ್ ಹರಿವನ್ನು, ಅಂದರೆ ಕಾಲಮ್‌ಗೆ ಬರುವ ಮಿಶ್ರಣವನ್ನು ಕೊಂಚ ಏರಿಸಿದೆವು. ಫೀಡ್‌ನ ಅಳತೆ ತಂತಿಯ ಮೂಲಕ ಬರುತ್ತಲೇ ಇತ್ತು. ಅದನ್ನು ನೋಡಿದ ನಿಯಂತ್ರಕ ತಾಪಮಾನ ಕಾಣದಿದ್ದರೂ ಹಬೆಯ ವಾಲ್ವನ್ನು ಮೆಲ್ಲಗೆ ತೆರೆಯಿತು. ಟ್ರಾನ್ಸ್‌ಮಿಟರ್ ಮತ್ತೆ ಮಾತನಾಡಿದಾಗ ಊಹೆಗೂ ಅಳತೆಗೂ ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸವಿತ್ತು. ಟ್ರೆಂಡ್‌ನ ಗೆರೆ ನೋಡಿ ನನಗಾದ ಸಂತೋಷ ಸಣ್ಣದಲ್ಲ.

ಆದರೂ ಮಾದರಿಗೆ ತಿಳಿಯದ ಸಂಗತಿಗಳಿವೆ. ನಮ್ಮ ಸೀಮೆಯ ಈ ಬಿಸಿಲಿಗೆ ಮಧ್ಯಾಹ್ನ ಕೂಲಿಂಗ್ ಟವರಿನ ನೀರು ಕಾಯುತ್ತದೆ, ಆವಿಯನ್ನು ದ್ರವವಾಗಿಸುವ ಕಂಡೆನ್ಸರ್ ಸೋಲುತ್ತದೆ, ಕಾಲಮ್‌ನ ಒತ್ತಡ ಏರಿ, ತಾಪಮಾನಕ್ಕೂ ಸಾಂದ್ರತೆಗೂ ಇರುವ ಸಂಬಂಧವೇ ಬದಲಾಗುತ್ತದೆ. ಆಮೇಲೆ ಸಂಜೆ ಗಾಳಿ ಸಹಿತ ಮಳೆ ಬಿದ್ದರೆ ರಿಫ್ಲಕ್ಸ್ ಹಠಾತ್ತನೆ ತಂಪಾಗುತ್ತದೆ. ಇಂಥ ಹೊತ್ತಿನಲ್ಲಿ ಅಳತೆಯಿಲ್ಲದ ಊಹೆಯನ್ನು ಬಹಳ ಹೊತ್ತು ನಂಬಲಾಗದು. ಅದಕ್ಕಾಗಿ 5 ನಿಮಿಷದ ಮಿತಿ ಇಟ್ಟಿದ್ದೇವೆ. ಅದು ಮೀರಿದರೆ ವಾಲ್ವ್ ಇದ್ದಲ್ಲೇ ನಿಂತು ಅಲಾರಂ ಬರುತ್ತದೆ. ಒತ್ತಡದ ಲೂಪ್ ಮತ್ತು ತುರ್ತು ಸ್ಥಗಿತದ ಇಂಟರ್‌ಲಾಕ್‌ಗಳನ್ನು ತಂತಿಯಲ್ಲೇ ಉಳಿಸಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ, ಮುಂದೆಯೂ ಹಿಡಿಯುತ್ತೇನೆ.

ಮುಂದಿನ ಶಟ್‌ಡೌನ್‌ನಲ್ಲಿ ಕೆಳಗಿನ ಟ್ರೇಗೂ ಒಂದು ಟ್ರಾನ್ಸ್‌ಮಿಟರ್ ಕೂಡಿಸಿ, ಇದೇ ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಸುವುದೆಂದು ಲಾಗ್‌ಬುಕ್ಕಿನಲ್ಲಿ ಬರೆದಿದ್ದೇನೆ.