ಬೇರೆ ಕಡೆಯಿಂದ ಗ್ಯಾಸ್ ಕೊಂಡರೆ ಆಗಲ್ವಾ?

ಇಂಧನದ ಬಗ್ಗೆ ಬರೆಯುವ ನನಗೆ ಈ ಪ್ರಶ್ನೆ ಪದೇ ಪದೇ ಬರುತ್ತದೆ: ಯುದ್ಧ ನಡೆದದ್ದು ಉಕ್ರೇನಿನಲ್ಲಿ, ಅದಕ್ಕೆ ಜರ್ಮನಿ ತನ್ನ ಇಂಧನ ನೀತಿಯನ್ನೇ ಯಾಕೆ ಬುಡಮೇಲು ಮಾಡಿಕೊಂಡಿತು? ರಷ್ಯಾ ಬೇಡವಾದರೆ ಬೇರೆಯವರಿಂದ ಕೊಂಡರಾಯಿತಲ್ವಾ?

ಕಚ್ಚಾ ತೈಲದ ಮಟ್ಟಿಗೆ ಈ ಮಾತು ಮುಕ್ಕಾಲು ಪಾಲು ಸರಿ. ಒಬ್ಬ ಕೊಡದಿದ್ದರೆ ಇನ್ನೊಬ್ಬನ ಹಡಗು ಬರುತ್ತದೆ, ದುಡ್ಡು ಜಾಸ್ತಿ ಬೀಳುತ್ತದೆ ಅಷ್ಟೆ. ಪೈಪಿನಲ್ಲಿ ಬರುವ ಗ್ಯಾಸ್ ಹಾಗಲ್ಲ. ಸೈಬೀರಿಯಾದಿಂದ ಎಳೆದ ಪೈಪನ್ನು ಕಿತ್ತು ಕತಾರಿಗೆ ಜೋಡಿಸಲು ಆಗುವುದಿಲ್ಲ. ಹಡಗಿನಲ್ಲಿ ತರಿಸೋಣ ಅಂದರೆ ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು, ಇಳಿಸಿಕೊಳ್ಳುವ ಬಂದರಿನಲ್ಲಿ ಅದನ್ನು ಮತ್ತೆ ಗ್ಯಾಸ್ ಮಾಡುವ ಟರ್ಮಿನಲ್ ಬೇಕು. 2022ರ ಶುರುವಿನಲ್ಲಿ ಜರ್ಮನಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಹೊರಗಿನಿಂದ ತರಿಸುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದೇ ಆಗಿತ್ತು.

ನನಗೆ ಇದಕ್ಕಿಂತ ವಿಚಿತ್ರ ಅನಿಸುವುದು ಜರ್ಮನಿಯ ರೇಡೆನ್ ಅನ್ನುವ ಊರಿನ ಕಥೆ. ದೇಶದ ಅತಿ ದೊಡ್ಡ ಭೂಗತ ಗ್ಯಾಸ್ ದಾಸ್ತಾನು ಅಲ್ಲಿದೆ, ಅದು ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರಾಮ್ ಗುಂಪಿನ ಕೈಯಲ್ಲೇ ಇತ್ತು! 2021ರ ಚಳಿಗಾಲ ಬಂದಾಗ ಅದು ಹೆಚ್ಚುಕಡಿಮೆ ಖಾಲಿ. ಯಾರೂ ಕಾನೂನು ಮುರಿದಿರಲಿಲ್ಲ, ಯಾಕೆಂದರೆ ಇಷ್ಟು ತುಂಬಿಸಿರಲೇಬೇಕು ಅನ್ನುವ ಕಾನೂನೇ ಇರಲಿಲ್ಲ. ಜರ್ಮನಿಯವರು ಗ್ಯಾಸ್ ಎಲ್ಲಿ ಅಗ್ಗ ಅಂತ ನೋಡಿದರು, ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಲಿಲ್ಲ.

ಯುದ್ಧ ಶುರುವಾದ ಮೇಲೆ ಬದಲಾದದ್ದು ಮುಖ್ಯವಾಗಿ ಇದೇ. 2022ರ ಏಪ್ರಿಲ್‌ನಲ್ಲಿ ಗಾಜ್‌ಪ್ರಾಮ್‌ನ ಜರ್ಮನ್ ಶಾಖೆಯನ್ನು ಸರ್ಕಾರ ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ದಾಸ್ತಾನು ಚಳಿಗಾಲಕ್ಕೆ ಮೊದಲೇ ತುಂಬಿರಬೇಕು ಅಂತ ಕಾನೂನು ಬಂತು. ಪರವಾನಗಿ ನಿಯಮ ಸಡಿಲಿಸಿ, ಡಿಸೆಂಬರ್ ಹೊತ್ತಿಗೆ ವಿಲ್ಹೆಲ್ಮ್ಸ್‌ಹಾಫೆನ್‌ ಬಂದರಿನಲ್ಲಿ ತೇಲುವ ಟರ್ಮಿನಲ್ ಉದ್ಘಾಟನೆಯೂ ಆಯಿತು. ಮಜಾ ಏನೆಂದರೆ, ವಿದ್ಯುತ್ತಿಗೆ ಸುಡುವ ಗ್ಯಾಸ್ ಉಳಿಸಲು, ನಿಲ್ಲಿಸಿದ್ದ ಕಲ್ಲಿದ್ದಲು ಸ್ಥಾವರಗಳನ್ನು ವಾಪಸ್ ಕರೆದ ಆಗಿನ ಸಚಿವ ರಾಬರ್ಟ್ ಹಾಬೆಕ್ ಹಸಿರು ಪಕ್ಷದವರು. 2022ರ ಕೊನೆಗೆ ಮುಚ್ಚಬೇಕಿದ್ದ ಕೊನೆಯ ಮೂರು ಅಣು ಸ್ಥಾವರಗಳು 2023ರ ಏಪ್ರಿಲ್ 15ರವರೆಗೆ ಓಡಿದವು.

ಅಂದರೆ ಬೇರೆಯವರಿಂದ ಕೊಂಡರು ನಿಜ. ಆದರೆ ಕೊಳ್ಳೋಕೆ ಮೊದಲು ಟರ್ಮಿನಲ್ ಕಟ್ಟಬೇಕಾಯಿತು, ಕಾನೂನು ಬದಲಿಸಬೇಕಾಯಿತು, ಆ ಬೇಸಿಗೆಯ ವಿಪರೀತ ಬೆಲೆಯನ್ನೂ ಕೊಡಬೇಕಾಯಿತು. ಈಗ ಅತಿ ಹೆಚ್ಚು ಗ್ಯಾಸ್ ಬರುವುದು ನಾರ್ವೆಯಿಂದ, ಅದೂ ಪೈಪಿನಲ್ಲೇ. ಜರ್ಮನ್ ಟರ್ಮಿನಲ್‌ಗಳಿಗೆ ಹಡಗಿನಲ್ಲಿ ಬರುವುದು ಬಹುಪಾಲು ಅಮೆರಿಕದ್ದು. ಹಾಗಾದರೆ ನಾಳೆ ಅಮೆರಿಕದ ಜೊತೆ ಕೆಟ್ಟರೆ ಏನು ಗತಿ ಅಂತ ಈಗಾಗಲೇ ಕೇಳಲು ಶುರು ಮಾಡಿದ್ದಾರೆ. ಹಡಗು ಬೇರೆ ದೇಶದಿಂದಲೂ ಬರಬಹುದು, ಟರ್ಮಿನಲ್ ಅಂತೂ ಜರ್ಮನಿಯಲ್ಲೇ ಇರುತ್ತದೆ, ಅಷ್ಟರಮಟ್ಟಿಗೆ ಪರವಾಗಿಲ್ಲ ಅನ್ನುತ್ತೇನೆ.