ಐದೂವರೆ ಲೀಟರ್ ನೀರಿನಲ್ಲಿ ಕಾರು: ಬಿಜೈಯ ಪಾರ್ಕಿಂಗ್‌ನಲ್ಲಿ ಐದು ತಿಂಗಳು

ಫೆಬ್ರವರಿ, ಎರಡನೇ ವಾರ

ಪಾರ್ಕಿಂಗ್‌ನಲ್ಲಿ ಪೈಪ್ ಹಿಡಿದು ಕಾರು ತೊಳೆಯಬಾರದು ಅಂತ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸಲ ಬೇಸಿಗೆಗೆ ಮೊದಲೇ ನೋಟಿಸ್ ಹಾಕಿದ್ದಾರೆ. ಸರಿಯಾಗಿಯೇ ಇದೆ. 2019ರಲ್ಲಿ, ಮತ್ತೆ 2023ರಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಪಾಳಿಯಲ್ಲಿ ನೀರು ಬಿಟ್ಟದ್ದು ನಮಗೆಲ್ಲ ನೆನಪಿದೆ. ನಮ್ಮ ಪೈಪಿನಲ್ಲಿ ಎಷ್ಟು ನೀರು ಹೋಗುತ್ತದೆ ಅಂತ ಅಳೆದು ನೋಡಿದೆ. 15 ಲೀಟರಿನ ಬಕೆಟ್ 75 ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ 12 ಲೀಟರ್. ನಾನು ಕಾರು ತೊಳೆಯುವಾಗ ಪೈಪ್ ಏನಿಲ್ಲವೆಂದರೂ 20 ನಿಮಿಷ ಬಿಟ್ಟಿರುತ್ತಿದ್ದೆ. ಅಂದರೆ 240 ಲೀಟರ್!

ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ನನ್ನ ಕಾರು ಕಡು ನೀಲಿ. ನಮ್ಮ ಊರಿನ ಮುರಕಲ್ಲಿನ ಕೆಂಪು ಧೂಳು ಎರಡೇ ದಿನದಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಮತ್ತೆ ನೀರು ಹೊಯ್ಯಬೇಕಿಲ್ಲದ ದ್ರವ, ಅಂದರೆ ರಿನ್ಸ್‌ಲೆಸ್ ವಾಶ್, ತರಿಸಿದೆ. ಈ ಬಗೆಯಲ್ಲಿ ತುಂಬ ಹೆಸರಾದದ್ದು ಆಪ್ಟಿಮಮ್ ನೋ ರಿನ್ಸ್. ನಾನು ತರಿಸಿದ್ದೂ ಅದನ್ನೇ. ಅಳತೆ 1ಕ್ಕೆ 256. 4 ಲೀಟರ್ ನೀರಿಗೆ ಸುಮಾರು 15 ಮಿಲಿ. ಒಂದು ಚಮಚ ಕಷಾಯದಷ್ಟು.

ಫೆಬ್ರವರಿ, ಮೂರನೇ ವಾರ

ಮೊದಲ ಸಲ ತಪ್ಪಾಯಿತು. ಬಕೆಟಿನಲ್ಲಿ ದ್ರವ ಕಲಸಿದೆ, ಒಂದು ಮೈಕ್ರೋಫೈಬರ್ ಬಟ್ಟೆ ಅದ್ದಿದೆ, ಹಿಂಡಿದೆ, ಬಾನೆಟ್ ಮೇಲೆ ಗುಂಡಗೆ ಉಜ್ಜಿದೆ. ಬಟ್ಟೆ ತಿರುಗಿ ಬಕೆಟಿಗೆ, ಬಕೆಟಿನಿಂದ ತಿರುಗಿ ಬಾಗಿಲಿಗೆ. ಮುಗಿದ ಮೇಲೆ ಕಾರು ಫಳಫಳ ಅಂತಿತ್ತು. ಮರುದಿನ ಬೆಳಿಗ್ಗೆ ಬಿಸಿಲಿಗೆ ತೆಗೆದಾಗ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೀರು. ಹೊಟ್ಟೆ ಉರಿಯಿತು.

ತಪ್ಪು ದ್ರವದ್ದಲ್ಲ. ಮುರಕಲ್ಲಿನ ಧೂಳು ನೋಡಲು ಹಿಟ್ಟಿನ ಹಾಗೆ, ಆದರೆ ಒಳಗೆ ಗಟ್ಟಿ ಹರಳು ಇರುತ್ತದೆ. ದ್ರವದಲ್ಲಿರುವ ಪಾಲಿಮರ್ ಆ ಹರಳನ್ನು ಸುತ್ತಿಕೊಂಡು ಜಾರುವ ಹಾಗೆ ಮಾಡುತ್ತದೆ. ಅದಕ್ಕೆ ಸಮಯ ಬೇಕು, ತೇವ ಬೇಕು. ನಾನು ಎರಡನ್ನೂ ಕೊಟ್ಟಿರಲಿಲ್ಲ. ಮೇಲಾಗಿ ಒಂದೇ ಬಟ್ಟೆಯಲ್ಲಿ ಬಾಗಿಲ ಕೆಳಗಿನ ಕೊಳೆಯನ್ನು ಇಡೀ ಕಾರಿಗೆ ಹಂಚಿದ್ದೆ.

ಮಾರ್ಚ್

ಈ ತಿಂಗಳಿಡೀ ಬಟ್ಟೆಯ ಲೆಕ್ಕದಲ್ಲೇ ಹೋಯಿತು. ಈಗ ಎಂಟು ಬಟ್ಟೆ ಇವೆ. ಎಂಟನ್ನೂ ಮೊದಲೇ ಬಕೆಟಿನಲ್ಲಿ ನೆನೆಹಾಕುತ್ತೇನೆ. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿದರೆ ಮುಂದೆ ಹಿಂದೆ ಸೇರಿ ಎಂಟು ಮುಖ ಸಿಗುತ್ತದೆ. ಒಂದು ಮುಖ ಒಂದೇ ಒರೆಸಿಗೆ, ಆಮೇಲೆ ತಿರುಗಿಸಿಬಿಡಬೇಕು. ಎಂಟೂ ಮುಗಿದ ಬಟ್ಟೆ ಬೇರೆ ತೊಟ್ಟಿಗೆ ಹೋಗುತ್ತದೆ. ಬಕೆಟಿಗೆ ಮತ್ತೆ ಇಳಿಯುವುದೇ ಇಲ್ಲ. ಹಾಗಾಗಿ ಕೆಲಸ ಮುಗಿದರೂ ಬಕೆಟಿನ ನೀರು ತಿಳಿಯಾಗಿಯೇ ಇರುತ್ತದೆ. ಕಾರು ತೊಳೆಯುವುದನ್ನೇ ವೃತ್ತಿ ಮಾಡಿಕೊಂಡವರು ಇದನ್ನು ಗ್ಯಾರಿ ಡೀನ್ ವಿಧಾನ ಅನ್ನುತ್ತಾರೆ.

ಬಟ್ಟೆ ಮುಟ್ಟಿಸುವ ಮೊದಲು ಸ್ಪ್ರೇ. ಗಿಡಕ್ಕೆ ಮದ್ದು ಹೊಡೆಯುವ ಸಣ್ಣ ಕೈಪಂಪ್ ಇದೆಯಲ್ಲ, ಅಂಥದೇ ಒಂದು ಹೊಸತು ತಂದೆ. ಅದರಲ್ಲಿ ಅದೇ ಅಳತೆಯ ದ್ರವ ಒಂದೂವರೆ ಲೀಟರ್. ಒಂದು ಬಾಗಿಲಿಗೆ ಹೊಡೆದು ಎರಡು ಮೂರು ನಿಮಿಷ ಬಿಟ್ಟರೆ ಧೂಳು ತಾನಾಗಿಯೇ ಕೆಂಪು ಗೆರೆಯಾಗಿ ಇಳಿಯುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಆಮೇಲೆ ನೀರು ತೊಟ್ಟಿಕ್ಕುವ ಬಟ್ಟೆಯಲ್ಲಿ ನೇರ ಗೆರೆಯಲ್ಲಿ, ಒತ್ತದೆ, ಎಳೆಯಬೇಕು. ಬಟ್ಟೆಯ ತೂಕವೇ ಸಾಕು. ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್, ಬಾಗಿಲಿನ ಮೇಲರ್ಧ. ಕೆಳಗಿನ ಅರ್ಧ ಕೊನೆಗೆ. ಚಕ್ರಕ್ಕೆ ಹಳೆಯ ಬಟ್ಟೆ ಬೇರೆಯೇ ಇದೆ, ಅದು ಈ ಎಂಟರ ಜೊತೆ ಸೇರುವುದಿಲ್ಲ. ಒಂದು ಭಾಗ ಒರೆಸಿ, ಒಣ ಬಟ್ಟೆಯಲ್ಲಿ ನೀರು ತೆಗೆದು, ಆಮೇಲೆ ಮುಂದಿನದು.

ಒಂದು ವಾರ, ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ 4 ಲೀಟರಿಗೆ 50 ಮಿಲಿ ಹಾಕಿದೆ. ಗಾಜಿನ ಮೇಲೆ ಅಂಟು ಅಂಟು ಗೆರೆ ಉಳಿಯಿತು. ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಬೇಕಾಯಿತು. ಈಗ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದೇ ಹಾಕುತ್ತೇನೆ.

ಏಪ್ರಿಲ್, ಮೇ

ನೀರಿನ ಲೆಕ್ಕ ನೇರವಾಗಿ ಹೇಳಬೇಕು. ಕಾರಿಗೆ ಹೋಗುವುದು ಐದೂವರೆ ಲೀಟರ್. ಆದರೆ ಬಟ್ಟೆ ಒಗೆಯಲು ಒಂದು ಬಕೆಟ್ ಮತ್ತೆ ಬೇಕು, ಸುಮಾರು 20 ಲೀಟರ್. ಎಲ್ಲ ಸೇರಿ 25ರ ಆಸುಪಾಸು. ಅದನ್ನು ಬಿಟ್ಟು ಬರೀ ಐದೂವರೆ ಅಂದರೆ ಸರಿಯಲ್ಲ. ಆದರೂ 240 ಎಲ್ಲಿ, 25 ಎಲ್ಲಿ. ಬಟ್ಟೆಗೆ ಕಂಫರ್ಟ್‌ನಂಥ ಮೃದುಕಾರಕ ಹಾಕಬಾರದು, ನೀರು ಹೀರುವ ಗುಣ ಕಡಿಮೆಯಾಗುತ್ತದೆ. ಟವೆಲ್, ಲುಂಗಿಯ ಜೊತೆ ಒಗೆದರೆ ಹತ್ತಿಯ ನಾರು ಅಂಟಿಕೊಳ್ಳುತ್ತದೆ, ಅದಕ್ಕೆ ಬೇರೆಯೇ ಒಗೆಯುತ್ತೇನೆ.

ಮೇ ತಿಂಗಳ ದೊಡ್ಡ ತಲೆನೋವು ಬಾವಲಿ. ಆಫೀಸಿನ ಹಿಂದೆ ನೇರಳೆ ಮರ ಇದೆ. ರಾತ್ರಿ ಪಾಳಿ ಮುಗಿಸಿ ಬಂದರೆ ಕಾರಿನ ಮೇಲೆ ನೇರಳೆ ಬಣ್ಣದ ಹಿಕ್ಕೆ, ಬೀಜ ಸಮೇತ. ಒಣಗಿದ್ದನ್ನು ಕೆರೆಯಲೇಬಾರದು. ಟಿಶ್ಯೂವನ್ನು ದ್ರವದಲ್ಲಿ ಅದ್ದಿ ಅದರ ಮೇಲೆ ಹತ್ತು ನಿಮಿಷ ಇಡುತ್ತೇನೆ. ಆಮೇಲೆ ಹಾಗೇ ಎತ್ತಿದರೆ ಕೂಡಿಕೊಂಡು ಬರುತ್ತದೆ. ಬಿಸಿಲಿನಲ್ಲಿ ಒಂದೆರಡು ದಿನ ಬಿಟ್ಟರೆ ಮಾತ್ರ ಪೇಂಟಿನಲ್ಲಿ ಕಲೆ ಕೂರುತ್ತದೆ. ಹಾಗಾಗಿ ಡಿಕ್ಕಿಯಲ್ಲಿ ಒಂದು ಸಣ್ಣ ಬಾಟಲಿ ಯಾವಾಗಲೂ ಇರುತ್ತದೆ.

ಭಾನುವಾರ ಮಕ್ಕಳನ್ನು ತಣ್ಣೀರುಬಾವಿಗೆ ಕರೆದುಕೊಂಡು ಹೋಗುತ್ತೇವೆ. ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಮಸುಕಾಗಿ ಕೂರುತ್ತದೆ. ಉಪ್ಪು ನೀರಿನಲ್ಲಿ ಕರಗುವುದರಿಂದ ಮೇಲ್ಮೈಗೆ ಈ ವಿಧಾನ ಸಾಕು. ಕಾರಿನ ತಳಕ್ಕೆ ಸಾಲದು. ತುಕ್ಕು ಶುರುವಾಗುವುದು ಅಲ್ಲಿಯೇ. ಅದಕ್ಕೆ ತಿಂಗಳಿಗೊಮ್ಮೆ ಹೊರಗೆ ಕೊಟ್ಟು ತಳಕ್ಕೆ ಮಾತ್ರ ಪ್ರೆಶರ್ ನೀರು ಹೊಡೆಸುತ್ತೇನೆ. ಕಡಲ ಬದಿಯಲ್ಲಿ ಇರುವವರು ಇದನ್ನು ಬಿಡಬಾರದು ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಜೂನ್

ಮಳೆ ಬಂತು. ಮೊದಲ ವಾರ ಶಿರಾಡಿ ಘಾಟಿ ಇಳಿದು ಬಂದೆವು. ಬಾಗಿಲಿನ ಕೆಳಗೆ ಕೆಸರು ಗಟ್ಟಿ ಹಪ್ಪಳದ ಹಾಗೆ ಕೂತಿತ್ತು. ಇಂಥ ಕೆಸರಿಗೆ ಈ ದ್ರವ ಅಲ್ಲ. ಎಷ್ಟು ಸ್ಪ್ರೇ ಹೊಡೆದರೂ ಅಷ್ಟು ದಪ್ಪ ಮರಳನ್ನು ಅದು ಸುತ್ತಿಕೊಳ್ಳಲಾರದು. ಫೆಬ್ರವರಿಯ ಗೀರು ಕಣ್ಣ ಮುಂದೆ ಇತ್ತು. ಬಟ್ಟೆ ಮುಟ್ಟಿಸಲೇ ಇಲ್ಲ.

ಆಗ ಹೊಳೆದದ್ದು ಇದು. ಕಾರನ್ನು ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ಮಳೆಗೆ ನಿಲ್ಲಿಸಿದೆ. ನಮ್ಮ ಕರಾವಳಿಯ ಜೂನ್ ಮಳೆ ಗೊತ್ತಲ್ವಾ, ಮುಕ್ಕಾಲು ಗಂಟೆಯಲ್ಲಿ ಕೆಸರು ನೆನೆದು, ಕರಗಿ, ಚರಂಡಿ ಸೇರಿತು. ಉಳಿದ ಅಂಚುಗಳಿಗೆ ಎರಡು ಚೊಂಬು ನೀರು ಹೊಯ್ದೆ. ಆಮೇಲೆ ಪಾರ್ಕಿಂಗ್‌ಗೆ ತಂದು ಎಂದಿನ ಹಾಗೆ ಸ್ಪ್ರೇ, ಎಂಟು ಬಟ್ಟೆ. ಟಾರ್ಚ್ ಹಾಕಿ ಬಾಗಿಲು ಬಾಗಿಲು ನೋಡಿದೆ. ಹೊಸ ಗೀರು ಒಂದೂ ಇಲ್ಲ. ಅಂದು ಆದಷ್ಟು ಸಂತೋಷ ಈ ಐದು ತಿಂಗಳಲ್ಲಿ ಬೇರೆ ಯಾವತ್ತೂ ಆಗಿಲ್ಲ.

ಈಗ ಉಳಿದಿರುವ ತೊಂದರೆ ಬಟ್ಟೆ ಒಣಗಿಸುವುದು. ಬಾಲ್ಕನಿಯಲ್ಲಿ ಮೂರು ದಿನ ಹಾಕಿದರೂ ಹಸಿಹಸಿ, ಮುಗ್ಗುಲು ವಾಸನೆ. ಸದ್ಯಕ್ಕೆ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿದ್ದೇನೆ, ಒಂದು ರಾತ್ರಿಯಲ್ಲಿ ಒಣಗುತ್ತದೆ. ಬಾನೆಟ್‌ನ ಹಳೆಯ ಗೀರಿಗೆ ಪಾಲಿಶ್ ಮಾಡಿಸಬೇಕು. ಅದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ.